ಓದುಗರು ಕೇಳಿದ್ದು: ಎಲ್ಲ ಗೊತ್ತಿದ್ದೂ ಏಮಾರಿದ್ದು ಹೇಗೆ?

ಅರಬ್–ಇಸ್ರೇಲ್ ಸಂಘರ್ಷದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ದಿಢೀರನೆ ಎರಗಿದ 1973ರ ಅಕ್ಟೋಬರ್ ಯುದ್ಧ ಮತ್ತು ಅದರ ನಂತರದ ಸಂಧಾನವನ್ನು ಕುರಿತವು. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಈಜಿಪ್ಟ್ ಸರ್ಕಾರದ ಒಳಗೇ ಇಸ್ರೇಲಿಗೆ ಬೇಹುಗಾರರಿದ್ದರಂತೆ. ಹಾಗಿದ್ದೂ 1973ರಲ್ಲಿ ಯುದ್ಧದ ಸುಳಿವು ಕೊನೇ ಗಳಿಗೆವರೆಗೂ ಸಿಗಲಿಲ್ಲ ಅಂದರೆ ನಂಬುವುದು ಹೇಗೆ? (ಶಿವಮೊಗ್ಗ)

ಉತ್ತರ: ಸುಳಿವಿಗೆ ಬರವಿರಲಿಲ್ಲ. ಅದನ್ನು ಓದಿದ ಕನ್ನಡಕ ಸರಿಯಿರಲಿಲ್ಲ.

ಇಸ್ರೇಲಿನ ಸೇನಾ ಗುಪ್ತಚರ ವಿಭಾಗದ ಹೆಸರು ‘ಅಮಾನ್’. ಯುದ್ಧ ಆಗುತ್ತದೋ ಇಲ್ಲವೋ ಎಂದು ಸರ್ಕಾರಕ್ಕೆ ಹೇಳುವ ಕೆಲಸ ಆಗ ಹೆಚ್ಚುಕಡಿಮೆ ಅದೊಂದರದ್ದೇ. ಹೊರದೇಶಗಳಲ್ಲಿ ಬೇಹುಗಾರಿಕೆ ಮಾಡುವ ಮೊಸಾದ್ ಸುದ್ದಿ ತರಬಹುದಿತ್ತು, ಅದಕ್ಕೆ ಅರ್ಥ ಹೇಳುವವರು ಅಮಾನ್‌ನವರು. ಅದರ ಮುಖ್ಯಸ್ಥ ಎಲಿ ಝೈರಾ ಮತ್ತು ಅವರ ವಿಶ್ಲೇಷಕರು ಎರಡು ಸಾಲಿನ ಒಂದು ಸೂತ್ರವನ್ನು ಗಟ್ಟಿಯಾಗಿ ಹಿಡಿದಿದ್ದರು. ಒಂದು, ಇಸ್ರೇಲಿನ ಒಳಭಾಗದ ವಾಯುನೆಲೆಗಳನ್ನು ಹೊಡೆಯಬಲ್ಲ ದೂರಗಾಮಿ ಬಾಂಬರ್‌ಗಳೋ ಕ್ಷಿಪಣಿಗಳೋ ಕೈಗೆ ಬರುವ ತನಕ ಈಜಿಪ್ಟ್ ಯುದ್ಧಕ್ಕಿಳಿಯುವುದಿಲ್ಲ. ಎರಡು, ಈಜಿಪ್ಟ್ ಇಳಿಯದೆ ಸಿರಿಯಾ ಒಂಟಿಯಾಗಿ ಇಳಿಯುವುದಿಲ್ಲ. ಹೀಬ್ರೂವಿನಲ್ಲಿ ಇದಕ್ಕೆ ‘ಕೊನ್ಸೆಪ್ಟ್ಸಿಯಾ’ ಎಂಬ ಹೆಸರು ಅಂಟಿಕೊಂಡಿತು. ಇವತ್ತಿಗೂ ಅಲ್ಲಿ ಅದು ಬೈಗುಳವೇ.

ಸೂತ್ರವೇನೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕೈರೋದ ಒಳಗಿನಿಂದಲೇ ಬಂದ ನಿಜವಾದ ಮಾಹಿತಿ ಅದರ ಬುಡದಲ್ಲಿತ್ತು, ಒಂದು ಕಾಲಕ್ಕೆ ಅದು ಸರಿಯಾಗಿಯೂ ಇತ್ತು. ಆದರೆ 1972ರ ಅಕ್ಟೋಬರಿನಲ್ಲಿ ಅಧ್ಯಕ್ಷ ಅನ್ವರ್ ಸಾದಾತ್ ಲೆಕ್ಕವನ್ನೇ ಬದಲಿಸಿದರು. ಇದ್ದ ಆಯುಧಗಳಲ್ಲೇ ಯುದ್ಧ ಎಂದು ಸೇನಾಧಿಕಾರಿಗಳಿಗೆ ಹೇಳಿದರು, ಒಪ್ಪದ ಯುದ್ಧಸಚಿವರನ್ನು ಬದಲಿಸಿದರು. ಗುರಿಯನ್ನೂ ಕಿರಿದು ಮಾಡಿದರು: ಸೂಯೆಜ್ ಕಾಲುವೆ ದಾಟಿ, 1967ರಿಂದ ಇಸ್ರೇಲ್ ಹಿಡಿದಿದ್ದ ಸಿನಾಯ್‌ನಲ್ಲಿ ಹತ್ತು–ಹನ್ನೆರಡು ಕಿ.ಮೀ. ಒಳಗೆ ಹೋಗಿ ಕೂರುವುದು. ಅಷ್ಟು ದೂರಕ್ಕೆ ಕಾಲುವೆಯ ಪಶ್ಚಿಮ ದಡದ ವಿಮಾನನಾಶಕ ಕ್ಷಿಪಣಿಗಳೇ ಕೊಡೆ ಹಿಡಿಯುತ್ತವೆ, ಬಾಂಬರ್‌ಗಳ ಹಂಗಿಲ್ಲ. ಯುದ್ಧದಲ್ಲಿ ಗೆಲ್ಲುವುದಕ್ಕಿಂತ ಅಮೆರಿಕವನ್ನು ಸಂಧಾನದ ಮೇಜಿಗೆ ಎಳೆಯುವುದೇ ಸಾದಾತ್‌ಗೆ ಬೇಕಿದ್ದದ್ದು. ಸೂತ್ರದ ಷರತ್ತು ಕಾಗದದ ಮೇಲೆ ಹಾಗೇ ಉಳಿಯಿತು, ನೆಲದ ಮೇಲೆ ಅದಕ್ಕೆ ಅರ್ಥವಿರಲಿಲ್ಲ.

ಇನ್ನು ಸುಳಿವುಗಳು. ಸೆಪ್ಟೆಂಬರ್ 25ರಂದು ಜೋರ್ಡಾನಿನ ದೊರೆ ಹುಸೇನ್ ಗುಟ್ಟಾಗಿ ಬಂದು, ಸಿರಿಯಾದ ಪಡೆಗಳು ದಾಳಿಗೆ ಅಣಿಯಾದ ಜಾಗಗಳಲ್ಲಿವೆ ಎಂದು ಪ್ರಧಾನಿ ಗೋಲ್ಡಾ ಮೇಯರ್‌ಗೆ ಹೇಳಿದರು. ಸೆಪ್ಟೆಂಬರ್ 13ರ ವಾಯುಕಾಳಗದಲ್ಲಿ ಹನ್ನೆರಡು ವಿಮಾನ ಕಳೆದುಕೊಂಡ ಸಿರಿಯಾ ಹೆದರಿ ಸೇನೆ ಜಮಾಯಿಸಿದೆ ಎಂಬುದು ಅಮಾನ್ ಕೊಟ್ಟ ವಿವರಣೆ. ಕಾಲುವೆಯ ಆಚೆ ಸೇನೆ ಸೇರುತ್ತಿದೆಯಲ್ಲ? ಅದು ವಾರ್ಷಿಕ ಕವಾಯತು. ಇಸ್ರೇಲಿ ಸೇನೆಯ ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಬಿನ್ಯಾಮಿನ್ ಸಿಮಾನ್–ತೊವ್ ಅಕ್ಟೋಬರ್ 1ರಂದು, ಮತ್ತೆ 3ರಂದು, ಕವಾಯತೆಂಬುದು ಯುದ್ಧಸಿದ್ಧತೆಗೆ ಹೊದೆಸಿದ ಮುಸುಕು ಎಂದು ಬರೆದುಕೊಟ್ಟರು. ಮೇಲಧಿಕಾರಿ ಅದನ್ನು ಮುಂದಕ್ಕೆ ಕಳಿಸಲೇ ಇಲ್ಲ. ಅಕ್ಟೋಬರ್ 4ರ ರಾತ್ರಿಯಿಂದ ಸೋವಿಯತ್ ಸಲಹೆಗಾರರ ಹೆಂಡತಿ ಮಕ್ಕಳನ್ನು ಕೈರೋ, ಡಮಾಸ್ಕಸ್‌ಗಳಿಂದ ವಿಮಾನದಲ್ಲಿ ಸಾಗಿಸತೊಡಗಿದಾಗ ಮಾತ್ರ ವಿವರಣೆ ಹುಡುಕಲು ತಡಕಾಡಿದರು. ಆದರೂ 5ನೇ ತಾರೀಖಿನ ವರದಿ ಪುಟಗಟ್ಟಲೆ ಆತಂಕದ ಲಕ್ಷಣಗಳನ್ನು ಬರೆದು, ಕಡೆಗೆ ಯುದ್ಧದ ಸಂಭವ ಕಡಿಮೆ ಎಂದೇ ಷರಾ ಹಾಕಿತು.

ಎರಡು ಸಂಗತಿ ಇದಕ್ಕೆ ಗೊಬ್ಬರವಾದವು. ಮೇ ತಿಂಗಳಲ್ಲಿ ಇಂಥದೇ ಗದ್ದಲವೆದ್ದು, ಸೇನಾ ಮುಖ್ಯಸ್ಥ ಡೇವಿಡ್ ಎಲಾಝಾರ್ ಖರ್ಚು ಮಾಡಿ ಪಡೆಗಳನ್ನು ಸಜ್ಜುಗೊಳಿಸಿದ್ದರು. ಝೈರಾ ಆಗಲೂ ಯುದ್ಧವಿಲ್ಲ ಎಂದಿದ್ದರು, ಆಗಲಿಲ್ಲ. ಅವರ ಮಾತಿಗೆ ತೂಕ ಬಂತು, ಎಲಾಝಾರ್ ಕೈ ಹಿಂದಕ್ಕೆ ಹೋಯಿತು. ಎರಡನೆಯದು ಇನ್ನೂ ಕೆಟ್ಟದ್ದು. ಈಜಿಪ್ಟಿನ ಸೇನಾ ಸಂಪರ್ಕ ಜಾಲದಲ್ಲಿ ಇಸ್ರೇಲ್ ಕದ್ದು ಕೇಳುವ ಸಾಧನಗಳನ್ನು ಹುದುಗಿಸಿತ್ತು. ಬಳಸಿದರೆ ಸಿಕ್ಕಿಬೀಳಬಹುದು ಎಂದು ಝೈರಾ ಅವನ್ನು ಆ ವಾರ ಪೂರ್ತಿಯಾಗಿ ಚಾಲೂ ಮಾಡಿಸಲಿಲ್ಲ. ಎಲಾಝಾರ್ ಮತ್ತು ರಕ್ಷಣಾ ಸಚಿವ ಮೋಶೆ ದಯಾನ್ ಮಾತ್ರ ಅವು ಚಾಲೂ ಇವೆ ಎಂದೇ ತಿಳಿದಿದ್ದರು. ಅಲ್ಲಿಂದ ಏನೂ ಕೇಳಿಸುತ್ತಿಲ್ಲ, ಅಂದಮೇಲೆ ಏನೂ ಇಲ್ಲ ಎಂದು ನಿಶ್ಚಿಂತರಾದರು. ಆರಿಸಿಟ್ಟ ರೇಡಿಯೋದ ಮೌನವನ್ನು ಶಾಂತಿ ಎಂದುಕೊಂಡ ಹಾಗೆ.

ಪ್ರಶ್ನೆ: ಕೊನೆಗೆ ಎಚ್ಚರಿಕೆ ಕೊಟ್ಟ ಅಶ್ರಫ್ ಮರ್ವಾನ್ ಎರಡೂ ಕಡೆಯ ಬೇಹುಗಾರನೇ? (ಹಾಸನ)

ಉತ್ತರ: ಮರ್ವಾನ್ ಮಾಜಿ ಅಧ್ಯಕ್ಷ ನಾಸೆರ್ ಅವರ ಅಳಿಯ, ಸಾದಾತ್ ಕಚೇರಿಯ ಒಳಗಿನವರು. ಅಕ್ಟೋಬರ್ 5ರ ರಾತ್ರಿ ಲಂಡನ್ನಿನಲ್ಲಿ ಮೊಸಾದ್ ಮುಖ್ಯಸ್ಥ ಝ್ವಿ ಝಮೀರ್‌ಗೆ ನಾಳೆಯೇ ಯುದ್ಧ ಎಂದರು. ಸಂಜೆ ಎಂದುಕೊಂಡಿದ್ದ ದಾಳಿ ಮಧ್ಯಾಹ್ನ ಎರಡಕ್ಕೇ ಬಿತ್ತು. ಇಬ್ಬಗೆಯವರು ಎಂದು ವಾದಿಸುವವರಲ್ಲಿ ಮುಂದಾಳು ಸ್ವತಃ ಝೈರಾ, ಅವರಿಗೆ ಹಾಗೆ ವಾದಿಸಲು ಕಾರಣವಿದೆ ಎಂಬುದನ್ನು ಮರೆಯಬೇಡಿ. ಮೊಸಾದ್ ಇದನ್ನು ಒಪ್ಪುವುದಿಲ್ಲ. ಇಸ್ರೇಲಿಗೆ ಮೀಸಲು ಪಡೆ ಕರೆಯಲು ಕೆಲವು ತಾಸಾದರೂ ಸಿಕ್ಕಿದ್ದು ಆ ಮಾತಿನಿಂದಲೇ ಎಂಬುದನ್ನು ನೋಡಿದರೆ ಮೊಸಾದ್ ವಾದವೇ ನಮಗೆ ಗಟ್ಟಿಯಾಗಿ ಕಾಣುತ್ತದೆ. ಮರ್ವಾನ್ 2007ರ ಜೂನ್ 27ರಂದು ಲಂಡನ್ನಿನ ತಮ್ಮ ಮನೆಯ ಬಾಲ್ಕನಿಯಿಂದ ಬಿದ್ದು ಸತ್ತರು.

ಪ್ರಶ್ನೆ: ಸೂಯೆಜ್ ದಡದ ಮರಳುಗೋಡೆಯನ್ನು ನೀರು ಹೊಡೆದು ಕೆಡವಿದರಂತೆ, ನಿಜವೇ? (ಬಳ್ಳಾರಿ)

ಉತ್ತರ: ನಿಜ. ಪೂರ್ವದಡದಲ್ಲಿ ಇಸ್ರೇಲ್ ಒಟ್ಟಿದ್ದ ಮರಳುದಿಬ್ಬ ಕೆಲವೆಡೆ ಸುಮಾರು 20 ಮೀಟರ್ ಎತ್ತರ. ಟ್ಯಾಂಕು ಹಾಯುವಂತೆ ಏಳು ಮೀಟರ್ ಅಗಲದ ಒಂದು ಕಿಂಡಿ ತೆಗೆಯಲು 1,500 ಘನ ಮೀಟರ್ ಮರಳು ಸರಿಸಬೇಕು. ಸಿಡಿಮದ್ದು, ಬುಲ್ಡೋಜರ್ ಹಿಡಿದು ಹೊರಟರೆ ಗುಂಡಿನ ಸುರಿಮಳೆಯಲ್ಲಿ ಕನಿಷ್ಠ ಒಂದು ದಿನ ಬೇಕು, ಅಷ್ಟರಲ್ಲಿ ನಮ್ಮ ಟ್ಯಾಂಕುಗಳು ಬಂದಿರುತ್ತವೆ ಎಂಬುದು ಇಸ್ರೇಲಿನ ಎಣಿಕೆ. ಅಸ್ವಾನ್ ಅಣೆಕಟ್ಟಿನಲ್ಲಿ ದುಡಿದಿದ್ದ ಈಜಿಪ್ಟಿನ ಎಂಜಿನಿಯರ್ ಅಧಿಕಾರಿ ಬಾಕಿ ಝಾಕಿ ಯೂಸುಫ್, ಕಾಲುವೆಯ ನೀರನ್ನೇ ಪಂಪಿನಿಂದ ರಭಸವಾಗಿ ಚಿಮ್ಮಿಸಿ ಮರಳನ್ನು ಕೊರೆದು ಹರಿಸಬಹುದು ಎಂದು ಸೂಚಿಸಿದರು. ಮೊದಲು ಬ್ರಿಟನ್ನಿನ ಪಂಪುಗಳು ಬಂದವು. ಅಂಥ ಐದು ಸೇರಿದರೆ ಒಂದು ಕಿಂಡಿಗೆ ಮೂರು ತಾಸು. ಆಮೇಲೆ ಇನ್ನೂ ಬಲವಾದ ಜರ್ಮನ್ ಪಂಪುಗಳು ಬಂದವು. ಮೂರು ಬ್ರಿಟಿಷ್, ಎರಡು ಜರ್ಮನ್ ಜೋಡಿಸಿದಾಗ ಎರಡೇ ತಾಸಿನ ಕೆಲಸವಾಯಿತು.

ಎಲ್ಲ ಕಡೆ ಸಲೀಸಾಗಲಿಲ್ಲ. ದಕ್ಷಿಣದಲ್ಲಿ ಈಜಿಪ್ಟಿನ ಮೂರನೇ ಸೇನೆಯ ಪಾಲಿಗೆ ಬಂದ ಜಾಗದ ಮಣ್ಣು ಜೇಡಿ. ನೀರು ಬಿದ್ದದ್ದೇ ಅದು ಮರಳಿನಂತೆ ಹರಿದುಹೋಗದೆ ಕೆಸರಾಗಿ ನಿಂತಿತು, ಹೂತ ವಾಹನಗಳನ್ನು ಎಳೆಯುವುದರಲ್ಲೇ ಹೊತ್ತು ಹೋಯಿತು. ಇತ್ತ ಮೊದಲು ದಾಟಿದ ಕಾಲಾಳುಗಳ ಬಳಿ ಹೊತ್ತೊಯ್ಯಬಲ್ಲ ‘ಸ್ಯಾಗರ್’ ಕ್ಷಿಪಣಿಗಳಿದ್ದವು. ತಂತಿ ಬಿಡಿಸಿಕೊಂಡು ಹಾರುವ ಇವು ಮೂರು ಕಿ.ಮೀ. ದೂರದ ಟ್ಯಾಂಕನ್ನು ಹೊಡೆಯುತ್ತವೆ. ಕಾಲಾಳುಗಳ ಜೊತೆಯಿಲ್ಲದೆ ಧಾವಿಸಿ ಬಂದ ಇಸ್ರೇಲಿ ಟ್ಯಾಂಕುಗಳು ಸಾಲಾಗಿ ಸುಟ್ಟವು. ಸ್ಯಾಗರ್‌ನ ಗುಣ ಅಮಾನ್‌ಗೆ ಗೊತ್ತೇ ಇತ್ತು. ರಣರಂಗದ ದಳಗಳಿಗೆ ಅದನ್ನು ಎದುರಿಸುವ ತಾಲೀಮು ಮಾತ್ರ ಸರಿಯಾಗಿ ಆಗಿರಲಿಲ್ಲ.

ಪ್ರಶ್ನೆ: ಬೆಳಗ್ಗೆಯೇ ಗೊತ್ತಾಗಿದ್ದರೂ ಗೋಲ್ಡಾ ಮೇಯರ್ ಮೊದಲು ಹೊಡೆಯಲು ಬಿಡಲಿಲ್ಲ. ಆಮೇಲೆ ವಿಚಾರಣಾ ಆಯೋಗ ಅವರನ್ನು ಬಿಟ್ಟು ಸೇನೆಯವರನ್ನು ಹಿಡಿಯಿತು. ಇದು ನ್ಯಾಯವೇ? (ಧಾರವಾಡ)

ಉತ್ತರ: ಎರಡನ್ನೂ ಬೇರೆ ಬೇರೆ ನೋಡಬೇಕು.

ಅಕ್ಟೋಬರ್ 6ರ ಬೆಳಗ್ಗೆ ಎಲಾಝಾರ್ ವಾಯುದಾಳಿಗೂ ಪೂರ್ತಿ ಮೀಸಲು ಪಡೆಗೂ ಅನುಮತಿ ಕೇಳಿದರು. ದಯಾನ್ ಎರಡೇ ಡಿವಿಷನ್ ಸಾಕು, ದಾಳಿ ಬೇಡ ಎಂದರು. ಮಿಲಿಟರಿ ಹಿನ್ನೆಲೆಯೇ ಇಲ್ಲದ ಪ್ರಧಾನಿ ಮೀಸಲು ಪಡೆಯ ವಿಷಯದಲ್ಲಿ ಸೇನಾ ಮುಖ್ಯಸ್ಥರ ಕಡೆ ವಾಲಿದರು, ವಾಯುದಾಳಿಯನ್ನು ತಡೆದರು. ಮೊದಲು ಹೊಡೆದವರು ನೀವೇ ಎಂದು ಅಮೆರಿಕ ಹೇಳಿದರೆ ಆಯುಧ ಬರುವುದಿಲ್ಲ ಎಂಬ ಲೆಕ್ಕ. ವಾರ ಕಳೆಯುತ್ತಲೇ ಅಮೆರಿಕದ ವಿಮಾನಗಳು ಶಸ್ತ್ರಾಸ್ತ್ರ ಹೊತ್ತು ಬಂದದ್ದನ್ನು ನೋಡಿದರೆ ಆ ನಿರ್ಧಾರವನ್ನು ತಪ್ಪೆನ್ನಲಾಗದು. ಅವರ ನಿಜವಾದ ತಪ್ಪು ಹಿಂದಿನದು. 1971ರ ಫೆಬ್ರವರಿಯಲ್ಲಿ ಸಾದಾತ್, ಇಸ್ರೇಲ್ ಕಾಲುವೆಯಿಂದ ಸ್ವಲ್ಪ ಹಿಂದೆ ಸರಿದರೆ ಕಾಲುವೆ ತೆರೆಯುತ್ತೇನೆ ಎಂದಾಗ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆಯೋಗದ ಮಾತಿಗೆ ಬಂದರೆ ನಿಮ್ಮ ಸಿಟ್ಟಿನಲ್ಲಿ ಹುರುಳಿದೆ. ಸುಪ್ರೀಂ ಕೋರ್ಟಿನ ಅಧ್ಯಕ್ಷ ಶಿಮೋನ್ ಅಗ್ರಾನಾಟ್ ಸೇರಿ ಐವರ ಆಯೋಗ, ಅದರಲ್ಲಿ ಇಬ್ಬರು ಮಾಜಿ ಸೇನಾ ಮುಖ್ಯಸ್ಥರು. 1974ರ ಏಪ್ರಿಲ್ ಆರಂಭದ ಮಧ್ಯಂತರ ವರದಿ ಎಲಾಝಾರ್, ಝೈರಾ ಮತ್ತು ಅಮಾನ್‌ನ ಇನ್ನೂ ಕೆಲವರು ಹುದ್ದೆ ಬಿಡಬೇಕೆಂದಿತು, ದಕ್ಷಿಣ ಕಮಾಂಡಿನ ಶ್ಮುಯೆಲ್ ಗೊನೆನ್‌ರನ್ನೂ ಬದಿಗಿಟ್ಟಿತು. ಸಚಿವರ ಹೊಣೆಯನ್ನು ಅಳೆಯುವುದು ಸಂಸತ್ತಿನ ಕೆಲಸ ಎಂದು ದಯಾನ್‌ರನ್ನು ಮುಟ್ಟಲಿಲ್ಲ. 2,600ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶ ಅದನ್ನು ಒಪ್ಪಲಿಲ್ಲ. ಕಾಲುವೆ ದಡದ ಇಸ್ರೇಲಿ ಕಾವಲು ಠಾಣೆಗಳ ಬಾರ್–ಲೆವ್ ಸಾಲಿನಲ್ಲಿ ಈಜಿಪ್ಟಿಗೆ ಸಿಗದೆ ಉಳಿದ ಏಕೈಕ ಠಾಣೆಯ ಮುಖಂಡ ಮೋಟಿ ಅಶ್ಕೆನಾಝಿ ಒಬ್ಬರೇ ಶುರುಮಾಡಿದ ಧರಣಿ ಸಾವಿರಾರು ಜನರ ಚಳವಳಿಯಾಯಿತು. ವರದಿ ಬಂದು ಹತ್ತು ದಿನ ಕಳೆಯುವಷ್ಟರಲ್ಲಿ ಗೋಲ್ಡಾ ರಾಜೀನಾಮೆ ಕೊಟ್ಟರು.

ಪ್ರಶ್ನೆ: ಆ ಪಾಠ ಕಲಿತಿದ್ದರೆ 2023ರ ಅಕ್ಟೋಬರ್ 7 ಯಾಕಾಯಿತು? (ಮಂಗಳೂರು, ಬೆಂಗಳೂರು)

ಉತ್ತರ: ಕಲಿತದ್ದನ್ನು ವ್ಯವಸ್ಥೆಯಾಗಿಯೂ ಇಳಿಸಿದ್ದರು. ಮೊಸಾದ್‌ಗೆ, ವಿದೇಶಾಂಗ ಇಲಾಖೆಗೆ ತಮ್ಮದೇ ವಿಶ್ಲೇಷಣಾ ವಿಭಾಗಗಳು ಬಂದವು. ಅಮಾನ್‌ನೊಳಗೇ ಒಂದು ಸಣ್ಣ ತಂಡ, ಎಲ್ಲರೂ ಹೌದೆಂದದ್ದಕ್ಕೆ ಅಲ್ಲವೆಂದು ವಾದ ಹೂಡುವುದೇ ಅದರ ಕಸುಬು. ಯಹೂದಿ ಧರ್ಮಗ್ರಂಥ ತಾಲ್ಮುದ್‌ನ ಅರಮಾಯಿಕ್ ನುಡಿಯಿಂದ ‘ಇಪ್ಖಾ ಮಿಸ್ತಬ್ರಾ’, ಅಂದರೆ ತದ್ವಿರುದ್ಧವೇ ಸರಿ, ಎಂದು ಅದನ್ನು ಕರೆಯುತ್ತಾರೆ.

ಇಂಥ ತಂಡದ ಪಾಡೇನೆಂದರೆ, ದಿನಾ ಬೇಡವೆನ್ನುವವನ ಮಾತನ್ನು ಮೂರನೇ ದಿನದಿಂದ ಯಾರೂ ಕೇಳುವುದಿಲ್ಲ. ಹಮಾಸ್‌ಗೆ ಈಗ ಯುದ್ಧ ಬೇಕಿಲ್ಲ, ಗಾಝಾಕ್ಕೆ ಹಣ ಮತ್ತು ಕೆಲಸದ ಪರವಾನಗಿ ಸಿಕ್ಕರೆ ಸುಮ್ಮನಿರುತ್ತದೆ ಎಂಬ ಹೊಸ ಸೂತ್ರ ಮೇಲಿಂದ ಕೆಳಗಿನವರೆಗೆ ಬೇರುಬಿಟ್ಟಿತ್ತು. ಬೇಲಿ ಮುರಿದು ನುಗ್ಗುವ ಹಮಾಸ್ ಯೋಜನೆಯ ಸುಮಾರು ನಲವತ್ತು ಪುಟಗಳ ದಾಖಲೆ ಒಂದು ವರ್ಷಕ್ಕೂ ಮೊದಲೇ ಇಸ್ರೇಲಿನ ಕೈಯಲ್ಲಿತ್ತು. ಗಡಿಯ ಕ್ಯಾಮೆರಾ ಪರದೆಗಳ ಮುಂದೆ ಕೂರುವ ಯುವತಿ ಸೈನಿಕರು ತಾಲೀಮು ನಡೆಯುತ್ತಿರುವುದನ್ನು ಮತ್ತೆ ಮತ್ತೆ ವರದಿ ಮಾಡಿದ್ದರು. ಅಷ್ಟು ದೊಡ್ಡದು ಅವರ ಕೈಲಾಗದು ಎಂದು ಎಲ್ಲವನ್ನೂ ಬದಿಗಿಡಲಾಯಿತು. ಸಿಮಾನ್–ತೊವ್ ಟಿಪ್ಪಣಿಗಾದ ಗತಿಯೇ ಇವಕ್ಕೂ ಆಯಿತು: ಕೆಳಗಿನ ದರ್ಜೆಯವರು ಕಂಡದ್ದು ಮೇಲೆ ಹತ್ತಲಿಲ್ಲ. ಆ ದಿನದ ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತರು, 251 ಮಂದಿ ಒತ್ತೆಯಾಳುಗಳಾದರು, ನಂತರದ ಯುದ್ಧದಲ್ಲಿ ಗಾಝಾದ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಅಮಾನ್ ಮುಖ್ಯಸ್ಥ ಅಹರೋನ್ ಹಲೀವಾ 2024ರ ಏಪ್ರಿಲ್‌ನಲ್ಲಿ ರಾಜೀನಾಮೆ ಸಲ್ಲಿಸಿದರು.

ಪ್ರಶ್ನೆ: ಗುಪ್ತಚರರು ಶಾಂತಿಯನ್ನೂ ಊಹಿಸಬಲ್ಲರೇ? (ಉಡುಪಿ)

ಉತ್ತರ: ಬಹಳ ಕಷ್ಟ. ಟ್ಯಾಂಕನ್ನು ಎಣಿಸಬಹುದು, ಒಬ್ಬನ ತಲೆಯೊಳಗಿನ ನಿರ್ಧಾರವನ್ನು ಎಣಿಸುವುದೆಲ್ಲಿ? 1977ರ ನವೆಂಬರ್ 9ರಂದು ಸಾದಾತ್ ತಮ್ಮ ಸಂಸತ್ತಿನಲ್ಲಿ, ಬೇಕಿದ್ದರೆ ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ಗೂ ಹೋಗುತ್ತೇನೆ ಎಂದಾಗ ಅವರ ಹತ್ತಿರದವರೇ ಮಾತಿನ ಭರವೆಂದುಕೊಂಡರು. ಇಸ್ರೇಲಿನ ಸೇನಾ ಮುಖ್ಯಸ್ಥ ಮೊರ್ದಖಾಯ್ ಗೂರ್ ಇದು 1973ರಂಥ ಇನ್ನೊಂದು ಮೋಸವಾಗಬಹುದು ಎಂದು ಪತ್ರಿಕೆಗೇ ಹೇಳಿದರು. ಸಾದಾತ್ ಹತ್ತೇ ದಿನದಲ್ಲಿ, 19ರ ಸಂಜೆ, ಬಂದಿಳಿದರು. ಸೆಪ್ಟೆಂಬರಿನಲ್ಲಿ ಮೊರಾಕ್ಕೋದಲ್ಲಿ ದಯಾನ್ (ಆಗ ಪ್ರಧಾನಿ ಮೆನಾಖೆಮ್ ಬೇಗಿನ್ ಸರ್ಕಾರದ ವಿದೇಶಾಂಗ ಸಚಿವ) ಮತ್ತು ಸಾದಾತ್ ದೂತ ಹಸನ್ ತುಹಾಮಿ ಗುಟ್ಟಾಗಿ ಭೇಟಿಯಾಗಿದ್ದರು. ಅದು ಬೆರಳೆಣಿಕೆಯವರಿಗಷ್ಟೇ ಗೊತ್ತಿತ್ತು. ಯುದ್ಧದ ಸಂಭವವನ್ನು ಕಡಿಮೆ ಹೇಳಿ ಕೈ ಸುಟ್ಟುಕೊಂಡವರು ಈಗ ಶಾಂತಿಯ ಸಂಭವವನ್ನು ಕಡಿಮೆ ಹೇಳಿದರು, ಅಷ್ಟೇ.

ಪ್ರಶ್ನೆ: ಕ್ಯಾಂಪ್ ಡೇವಿಡ್‌ನಲ್ಲಿ ಜಿಮ್ಮಿ ಕಾರ್ಟರ್ ಮಾಡಿದ್ದಾದರೂ ಏನು? ಇಬ್ಬರನ್ನೂ ಒಂದೆಡೆ ಕೂರಿಸಿದ್ದಷ್ಟೇ ಅಲ್ಲವೇ? (ಮೈಸೂರು)

ಉತ್ತರ: ಕೂರಿಸಿದ್ದರಿಂದ ಕೆಲಸ ಕೆಟ್ಟಿತು! ಅಮೆರಿಕದ ಅಧ್ಯಕ್ಷ ಕಾರ್ಟರ್ ತಮ್ಮ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ನಡೆಸಿದ ಸಂಧಾನ 1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಹದಿಮೂರು ದಿನ. ಮೊದಲ ಮೂರು ದಿನ ಸಾದಾತ್ ಮತ್ತು ಬೇಗಿನ್ ಎದುರುಬದುರು ಕೂತು ಕೂಗಾಡಿದರು. ಅಲ್ಲಿಂದಾಚೆಗೆ ಕಾರ್ಟರ್ ಅವರಿಬ್ಬರನ್ನು ಮಾತುಕತೆಗೆ ಒಂದೆಡೆ ಸೇರಿಸಲೇ ಇಲ್ಲ, ತಾವೇ ಒಂದು ಕುಟೀರದಿಂದ ಇನ್ನೊಂದಕ್ಕೆ ಓಡಾಡಿದರು.

ವಿಧಾನ ಹೀಗೆ. ಎರಡು ಕಡೆಯ ಎರಡು ಕರಡುಗಳನ್ನು ಪಕ್ಕಕ್ಕಿಟ್ಟು ಅಮೆರಿಕದವರು ತಮ್ಮದೇ ಒಂದು ಕರಡು ಬರೆದರು. ಯಾರೂ ಇದನ್ನು ಒಪ್ಪಬೇಕಿಲ್ಲ, ಯಾವ ಪದ ಯಾಕೆ ಆಗದು ಎಂದಷ್ಟೇ ಹೇಳಿ ಎಂದರು. ಹೇಳಿದ್ದನ್ನು ತಿದ್ದಿ ಇನ್ನೊಬ್ಬರಿಗೆ ಒಯ್ಯುವುದು, ಅವರ ಆಕ್ಷೇಪ ತಂದು ಮತ್ತೆ ತಿದ್ದುವುದು. ಹೀಗೆ 23 ಕರಡುಗಳಾದವು. ಕರಡು ಅಮೆರಿಕದ್ದಾದ್ದರಿಂದ ಸಾಲು ಬಿಟ್ಟುಕೊಟ್ಟರೂ ಎದುರಾಳಿಗೆ ಸೋತಂತಾಗುವುದಿಲ್ಲ. ಬಿಗಿಯಾದ ಸಾಲುಗಳನ್ನು ಕಾರ್ಟರ್ ನಾಯಕರ ಬದಲು ಅವರ ಕಾನೂನು ಬಲ್ಲವರೊಡನೆ, ಇಸ್ರೇಲಿನ ಅಹರೋನ್ ಬರಾಕ್ ಮತ್ತು ಈಜಿಪ್ಟಿನ ಒಸಾಮಾ ಎಲ್–ಬಾಝ್ ಜೊತೆ ಕೂತು ಬರೆದರು.

ಬಗೆಹರಿಯದ್ದನ್ನು ಬೇರೆ ಬೇರೆ ಜಾಗಕ್ಕೆ ಸಾಗಹಾಕಿದ್ದು ಇನ್ನೊಂದು ಜಾಣತನ. ಯುದ್ಧದಿಂದ ನೆಲ ಗಳಿಸುವುದು ಸಲ್ಲದು ಎಂಬ ಮಾತನ್ನು ಒಪ್ಪಂದದಲ್ಲಿ ಬರೆಯಲು ಬೇಗಿನ್ ಒಲ್ಲೆ ಎಂದರು. ಆ ಮಾತಿದ್ದ ವಿಶ್ವಸಂಸ್ಥೆಯ 242ನೇ ನಿರ್ಣಯವನ್ನೇ ಇಡಿಯಾಗಿ ಅನುಬಂಧಕ್ಕೆ ಅಂಟಿಸಿದರು. ಜೆರುಸಲೇಮ್ ಬಗೆಗಿನ ಜಗಳ ಪತ್ರ ವಿನಿಮಯಕ್ಕೆ ಹೋಯಿತು, ಪ್ರತಿಯೊಬ್ಬರೂ ತಮ್ಮ ನಿಲುವು ಬರೆದುಕೊಂಡರು. ಸಿನಾಯ್ ಬಡಾವಣೆಗಳನ್ನು ಕೀಳುವುದಿಲ್ಲವೆಂದು ಶಪಥ ಮಾಡಿದ್ದ ಬೇಗಿನ್, ಆ ನಿರ್ಧಾರ ಕ್ನೆಸೆಟ್‌ಗೆ ಬಿಟ್ಟದ್ದು ಎಂದು ಜಾರಿಕೊಂಡರು. ಕ್ನೆಸೆಟ್ 84–19ರಿಂದ ಒಪ್ಪಿತು.

ಕೆಟ್ಟದ್ದೂ ಇದೆ. ಪಶ್ಚಿಮ ದಂಡೆಯಲ್ಲಿ ಹೊಸ ಬಡಾವಣೆ ಕಟ್ಟುವುದನ್ನು ಪ್ಯಾಲೆಸ್ತೀನ್ ಸ್ವಾಯತ್ತತೆಯ ಮಾತುಕತೆ ಮುಗಿಯುವತನಕ ನಿಲ್ಲಿಸುತ್ತಾರೆಂದು ಕಾರ್ಟರ್ ತಿಳಿದರು, ಬೇಗಿನ್ ಹೇಳಿದ್ದು ಮೂರೇ ತಿಂಗಳು ಎಂದರು. ಕಾಗದದ ಮೇಲೆ ಬರಿಸಿಕೊಳ್ಳದೆ ಬಾಯಿಮಾತಿಗೆ ಬಿಟ್ಟದ್ದರ ಫಲ. ಪ್ಯಾಲೆಸ್ತೀನಿಯರ ಭಾಗ ಅಲ್ಲಿಗೇ ನೆಲಕಚ್ಚಿತು, ಅವರನ್ನು ಯಾರೂ ಕರೆದೂ ಇರಲಿಲ್ಲ.

ಪ್ರಶ್ನೆ: ಈಜಿಪ್ಟ್ ಮತ್ತೆ ಸಿನಾಯ್‌ನಲ್ಲಿ ಸೇನೆ ಕೂಡಿಸಿದರೆ ಎಂಬ ಭಯಕ್ಕೆ ಏನು ಮದ್ದು ಮಾಡಿದರು? (ಕಲಬುರಗಿ)

ಉತ್ತರ: ಈ ಪತ್ರಗಳಲ್ಲೆಲ್ಲ ಮುಖ್ಯವಾದ ಪ್ರಶ್ನೆ ಇದು. ವಿಶ್ಲೇಷಕರ ಊಹೆಯ ಮೇಲೆ ದೇಶದ ಹಣೆಬರಹ ನಿಲ್ಲಬಾರದು ಎಂಬುದನ್ನು ಇಸ್ರೇಲ್ ಯುದ್ಧದಿಂದ ಕಲಿತಿತ್ತು. ಹಾಗಾಗಿ ಎಚ್ಚರಿಕೆಗೆ ಬೇಕಾದ ಸಮಯವನ್ನೇ ಒಪ್ಪಂದದೊಳಗೆ ಕಟ್ಟಿದರು.

ಮೊದಲ ಪ್ರಯೋಗ 1975ರ ಸೆಪ್ಟೆಂಬರಿನ ಎರಡನೇ ಸಿನಾಯ್ ಒಪ್ಪಂದ. ಮಿತ್ಲಾ ಮತ್ತು ಗಿದಿ ಕಣಿವೆಗಳಲ್ಲಿ ಇಸ್ರೇಲಿಗೊಂದು, ಈಜಿಪ್ಟಿಗೊಂದು ಕಣ್ಗಾವಲು ಕೇಂದ್ರ, ಒಂದೊಂದರಲ್ಲಿ 250 ಜನ ಮೀರುವಂತಿಲ್ಲ. ನಡುವೆ 200 ಮೀರದ ಅಮೆರಿಕನ್ ನಾಗರಿಕ ತಂತ್ರಜ್ಞರು, ನೆಲದ ಅದುರು ಮತ್ತು ಸದ್ದು ಹಿಡಿಯುವ ಸೆನ್ಸರ್‌ಗಳು. ಕಣಿವೆಗೆ ಯಾರ ವಾಹನ ನುಗ್ಗಿದರೂ ಎರಡೂ ಕಡೆಗೆ ತಿಳಿಸುತ್ತಿದ್ದರು.

1979ರ ಮಾರ್ಚ್ 26ರ ಶಾಂತಿ ಒಪ್ಪಂದ ಇದನ್ನು ವಿಸ್ತರಿಸಿತು. ಕಾಲುವೆಗೆ ಹತ್ತಿರದ ‘ಎ’ ವಲಯದಲ್ಲಿ ಈಜಿಪ್ಟಿಗೆ ಒಂದೇ ಡಿವಿಷನ್: 22,000 ಸೈನಿಕರು, 230 ಟ್ಯಾಂಕು, ಅದಕ್ಕಿಂತ ಹೆಚ್ಚಿಲ್ಲ. ನಡುವಿನ ‘ಬಿ’ಯಲ್ಲಿ ನಾಲ್ಕು ಗಡಿಪಡೆ ಬೆಟಾಲಿಯನ್, 4,000 ಜನ. ಇಸ್ರೇಲ್ ಗಡಿಗೆ ತಾಗಿದ ‘ಸಿ’ಯಲ್ಲಿ ಪೊಲೀಸರು ಮತ್ತು ಅಂತರರಾಷ್ಟ್ರೀಯ ಪಡೆ ಮಾತ್ರ. ಇಸ್ರೇಲಿನ ಕಡೆಯೂ ‘ಡಿ’ ಎಂಬ ಕಿರಿದಾದ ಪಟ್ಟಿ, ಅಲ್ಲಿ ಟ್ಯಾಂಕು ಇಡುವಂತಿಲ್ಲ. ಸೋವಿಯತ್ ವಿರೋಧದಿಂದ ವಿಶ್ವಸಂಸ್ಥೆಯ ಪಡೆ ಸಿಗದಾದಾಗ ರೋಮ್‌ನಲ್ಲಿ ಕೇಂದ್ರಕಚೇರಿಯಿರುವ ಎಂಎಫ್‌ಒ ಎಂಬ ಬೇರೆಯೇ ಬಹುರಾಷ್ಟ್ರೀಯ ಪಡೆ ಕಟ್ಟಿದರು. ತಿಂಗಳಿಗೆ ಎರಡು ಸಲವಾದರೂ ಲೆಕ್ಕ ತಪಾಸಣೆ, ಯಾರಾದರೂ ದೂರಿದರೆ 48 ತಾಸಿನೊಳಗೆ ವಿಶೇಷ ತಪಾಸಣೆ. ಇನ್ನೂರು ಕಿ.ಮೀ. ಮರಳುಗಾಡನ್ನು ಟ್ಯಾಂಕು ಗುಟ್ಟಾಗಿ ದಾಟಲಾಗದು, ದಾಟುವಷ್ಟರಲ್ಲಿ ಇಸ್ರೇಲ್ ಮೀಸಲು ಪಡೆ ಕರೆದಾಗಿರುತ್ತದೆ.

1981ರ ಅಕ್ಟೋಬರ್ 6ರಂದು, ಯುದ್ಧದ ವಾರ್ಷಿಕೋತ್ಸವದ ಸೇನಾ ಪಥಸಂಚಲನದಲ್ಲೇ ಸಾದಾತ್ ಹತ್ಯೆಯಾಯಿತು. ಆದರೂ 1982ರ ಏಪ್ರಿಲ್ 25ಕ್ಕೆ ಗೊತ್ತಾಗಿದ್ದ, ಸಿನಾಯ್‌ನಿಂದ ಇಸ್ರೇಲಿನ ವಾಪಸಾತಿ ತಪ್ಪಲಿಲ್ಲ. ಅಂಕೆಗಳು ಕಲ್ಲಿನಲ್ಲಿ ಕೆತ್ತಿದವೂ ಅಲ್ಲ: ಇಸ್ರೇಲ್ ಗಾಝಾ ಬಿಟ್ಟ 2005ರಲ್ಲಿ ಇಬ್ಬರೂ ಒಪ್ಪಿ ರಫಾ ಗಡಿಗೆ 750 ಈಜಿಪ್ಟ್ ಕಾವಲುಗಾರರನ್ನು ಬಿಟ್ಟುಕೊಂಡರು.

ಪ್ರಶ್ನೆ: ಕಾರ್ಗಿಲ್ ನಂತರ ನಮ್ಮಲ್ಲಾದ ವಿಚಾರಣೆಯನ್ನು ಅಗ್ರಾನಾಟ್‌ಗೆ ಹೋಲಿಸಬಹುದೇ? (ಮಡಿಕೇರಿ)

ಉತ್ತರ: ಅರ್ಧ. 1999ರ ಜುಲೈನಲ್ಲಿ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಬಂದ ನಾಲ್ವರ ಸಮಿತಿಗೆ ವ್ಯಕ್ತಿಗಳ ತಪ್ಪು ಹಿಡಿಯುವ ಕೆಲಸ ಕೊಟ್ಟಿರಲಿಲ್ಲ, ಅಗ್ರಾನಾಟ್ ಹೆಸರು ಹಿಡಿದೇ ಬರೆಯಿತು. ಲಾಭ ವ್ಯವಸ್ಥೆಗಾಯಿತು: 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ, ನಂತರ ತಾಂತ್ರಿಕ ಗುಪ್ತಚರಕ್ಕೆ ಎನ್‌ಟಿಆರ್‌ಒ. ಮೊದಲ ಸುಳಿವು ಕೊಟ್ಟವರು ಕುರಿಗಾಹಿಗಳು ಎಂಬುದು ಮಾತ್ರ ಸಿಮಾನ್–ತೊವ್‌ನನ್ನು ನೆನಪಿಸುತ್ತದೆ. ನಮ್ಮವರ ಅದೃಷ್ಟ, ಕುರಿಗಾಹಿಗಳ ಮಾತು ಮೇಲಕ್ಕೆ ಹೋಯಿತು.

ಪ್ರಶ್ನೆ: ಸಿನಾಯ್ ಪೂರ್ತಿ ಕೊಟ್ಟಮೇಲೂ ತಾಬಾ ತಗಾದೆ ಯಾಕೆ ಉಳಿಯಿತು? (ಕಾರವಾರ)

ಉತ್ತರ: ಒಂದು ಗಡಿಕಲ್ಲಿನಿಂದ. 1906ರ ಗಡಿರೇಖೆಯ ಕಲ್ಲುಗಳಲ್ಲಿ ಕಡೆಯದಾದ 91ನೆಯದು ಎಲ್ಲಿತ್ತು ಎಂಬುದರ ಮೇಲೆ ಕೆಂಪು ಸಮುದ್ರದ ದಡದ ತಾಬಾ ಎಂಬ ಒಂದು ತುಂಡು ನೆಲ ಯಾರದೆಂದು ನಿಂತಿತ್ತು. ಅಲ್ಲಿ ಅಷ್ಟರಲ್ಲಿ ಇಸ್ರೇಲಿನವರ ಒಂದು ದೊಡ್ಡ ಹೋಟೆಲ್ ಎದ್ದಿತ್ತು. ಇಬ್ಬರೂ ಪಂಚಾಯ್ತಿಗೆ ಒಪ್ಪಿದರು. ಐವರ ನ್ಯಾಯಮಂಡಳಿ ಹಳೆಯ ನಕ್ಷೆ, ಫೋಟೊಗಳನ್ನು ಜಾಲಾಡಿ 1988ರ ಸೆಪ್ಟೆಂಬರ್ 29ರಂದು 4–1ರಿಂದ ಈಜಿಪ್ಟ್ ಪರ ತೀರ್ಪಿತ್ತಿತು. 1989ರ ಮಾರ್ಚಿನಲ್ಲಿ ಇಸ್ರೇಲ್ ಜಾಗ ಬಿಟ್ಟುಕೊಟ್ಟಿತು, ಹೋಟೆಲಿಗೆ ಈಜಿಪ್ಟ್ ಬೆಲೆ ಕೊಟ್ಟಿತು.